ಮೊಲೊಕಾಯಿಯ ಫಾದರ್ ಡೇಮಿಯನ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮನೆಯವರ ಮಾತು, ಆಸೆ, ದುಡ್ಡು ಎಲ್ಲವೂ ನನ್ನ ಸುತ್ತಲೇ ಸುತ್ತುತ್ತಿದ್ದುದರಿಂದ ನನ್ನೊಳಗಿನ ‘ನಾನು’ ನನ್ನ ವಯಸ್ಸಿಗಿಂತ ಬೇಗ ಬೆಳೆಯಿತು. ಅದನ್ನು ನನಗೆ ತೋರಿಸಿಕೊಟ್ಟದ್ದು ನಮ್ಮ ಕಾಲೇಜಿನ ಗ್ರಂಥಭಂಡಾರದಲ್ಲಿ ಅಕಸ್ಮಾತ್ತಾಗಿ ಕೈಗೆ ಸಿಕ್ಕಿದ ಒಂದು ಜೀವನಚರಿತ್ರೆ. ಆ ಮಹನೀಯರೇ ಫಾದರ್ ಡೇಮಿಯನ್.

ಅವರು 1840ರ ಜನವರಿ 3ರಂದು ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆತಾಯಿ ಇಟ್ಟ ಹೆಸರು ಜೋಸೆಫ್. ಮಗ ದವಸದ ವ್ಯಾಪಾರ ನೋಡಿಕೊಳ್ಳಲಿ ಎಂಬುದು ತಂದೆಯ ಆಸೆ. ಮಗನ ಮನಸ್ಸು ಸಂನ್ಯಾಸದ ಕಡೆಗೆ. 1859ರಲ್ಲಿ ಅಣ್ಣನನ್ನು ಹಿಂಬಾಲಿಸಿ ಕ್ರೈಸ್ತ ಸಂನ್ಯಾಸಿ ಸಭೆಯೊಂದನ್ನು ಸೇರಿದರು. ಓದು ಸಾಲದೆಂದು ಹಿರಿಯರು ಮೊದಮೊದಲು ಅವರನ್ನು ಗುರುಪದವಿಗೆ ತಕ್ಕವರೆಂದು ಎಣಿಸಲಿಲ್ಲ. ಅಣ್ಣನಿಂದಲೇ ಲ್ಯಾಟಿನ್ ಕಲಿತು ಆ ಕೊರತೆಯನ್ನು ನೀಗಿಕೊಂಡರು. ಹವಾಯಿ ದ್ವೀಪಗಳಿಗೆ ಹೊರಡಬೇಕಾಗಿದ್ದ ಅಣ್ಣ ಕಾಯಿಲೆ ಬಿದ್ದಾಗ, ತಮ್ಮನ್ನು ಕಳುಹಿಸಬೇಕೆಂದು ಬೇಡಿಕೊಂಡು ಹಡಗು ಹತ್ತಿದರು. 1864ರ ಮಾರ್ಚ್ 19ರಂದು ಹೊನೊಲುಲು ತಲುಪಿ, ಮೇ ತಿಂಗಳಲ್ಲಿ ಗುರುದೀಕ್ಷೆ ಪಡೆದರು.

ಆ ಕಾಲಕ್ಕೆ ಹವಾಯಿಯಲ್ಲಿ ಕುಷ್ಠರೋಗ ಹರಡುತ್ತಿತ್ತು. 1865ರಲ್ಲಿ ಆದ ಕಾನೂನಿನಂತೆ ರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸಲಾಗುತ್ತಿತ್ತು. ಮೂರು ಕಡೆ ಕಡಲು, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಬೆಟ್ಟ. ಗಂಡನಿಂದ ಹೆಂಡತಿಯನ್ನೂ ತಾಯಿಯಿಂದ ಮಗುವನ್ನೂ ಅಗಲಿಸಿ ಕಳುಹಿಸಿದ ಮೇಲೆ ಅವರ ಗತಿಯನ್ನು ವಿಚಾರಿಸುವವರು ವಿರಳ. 1873ರಲ್ಲಿ ಬಿಷಪ್ಪರು ಅಲ್ಲಿಗೆ ಹೋಗುವವರು ಯಾರೆಂದು ಕೇಳಿದಾಗ ನಾಲ್ವರು ಗುರುಗಳು ಮುಂದೆ ಬಂದರು. ಸರದಿಯಂತೆ ಹೋಗಿಬರುವುದೆಂದು ಏರ್ಪಾಡು. ಮೇ 10ರಂದು ಮೊದಲಿಗರಾಗಿ ಹೋದ ಡೇಮಿಯನ್ನರು ಮತ್ತೆ ಹಿಂದಿರುಗಲೊಲ್ಲದೆ ಅಲ್ಲಿಯೇ ಉಳಿಯಲು ಅಪ್ಪಣೆ ಕೇಳಿದರು. ಆಗ ಅವರಿಗೆ ಮೂವತ್ತಮೂರು ವರ್ಷ.

ಮೊದಲ ಕೆಲವು ರಾತ್ರಿಗಳನ್ನು ಮರದಡಿಯಲ್ಲಿಯೇ ಕಳೆದರು. ಬಳಿಕ ಹುಣ್ಣು ತೊಳೆದರು, ಮನೆ ಕಟ್ಟಿದರು, ನೀರಿಗೆ ಕೊಳವೆ ಹಾಕಿಸಿದರು, ಶವಪೆಟ್ಟಿಗೆ ಮಾಡಿ ಗುಂಡಿ ತೋಡಿದರು. ಕೆಸುವಿನ ಗೆಡ್ಡೆಯಿಂದ ಮಾಡಿದ ಅಲ್ಲಿನ ಅಂಬಲಿಯಂಥ ಆಹಾರವನ್ನು ರೋಗಿಗಳೊಡನೆ ಒಂದೇ ಪಾತ್ರೆಗೆ ಕೈಯಿಟ್ಟು ಉಂಡರು. ತಮ್ಮ ದೇಹ ಇನ್ನೂ ಆರೋಗ್ಯವಾಗಿದ್ದಾಗಲೇ, ಪ್ರವಚನದಲ್ಲಿ ಕುಷ್ಠರೋಗಿಗಳನ್ನು ತಾವು ‘ನೀವು’ ಎನ್ನದೆ ‘ನಾವು’ ಎಂದೇ ಕರೆಯುವುದಾಗಿ ಅಣ್ಣನಿಗೆ ಕಾಗದ ಬರೆದರು.

ಹಾಗೆಂದು ಅವರು ಶಾಂತಮೂರ್ತಿಯೇನೂ ಅಲ್ಲ. ಹಠವಾದಿ, ಮುಂಗೋಪಿ, ಸರ್ಕಾರದ ಆರೋಗ್ಯ ಮಂಡಲಿಯೊಡನೆಯೂ ತಮ್ಮ ಸಭೆಯ ಹಿರಿಯರೊಡನೆಯೂ ಜಗಳವಾಡಿದವರು. ಆದರೆ ಆ ಹಠವೆಲ್ಲ ಹಲಗೆ, ಔಷಧ, ಬಟ್ಟೆಗಳಿಗಾಗಿ. ಒಮ್ಮೆ ಹಿರಿಯ ಗುರುಗಳು ಹಡಗಿನಲ್ಲಿ ಬಂದಾಗ ಅವರಿಗೆ ದಡಕ್ಕಿಳಿಯಲು ಬಿಡಲಿಲ್ಲ. ಇವರಿಗೆ ಹಡಗು ಹತ್ತಲು ಬಿಡಲಿಲ್ಲ. ಕೆಳಗಿನ ದೋಣಿಯಲ್ಲಿ ನಿಂತು, ಗುಟ್ಟಾಗಿ ಹೇಳಬೇಕಾದ ಪಾಪನಿವೇದನೆಯನ್ನು ಎಲ್ಲರ ಎದುರಿಗೆ ಕೂಗಿ ಹೇಳಿದರು. ಮರ್ಯಾದೆಯ ಭಯವಿದ್ದವನಿಗೆ ಇದು ಸಾಧ್ಯವೇ?

1884ರ ಕೊನೆಯಲ್ಲಿ ಒಂದು ದಿನ ಕುದಿನೀರು ಕಾಲನ್ನು ಸುಟ್ಟರೂ ನೋವಾಗಲಿಲ್ಲ. ‘ನಾವು’ ಎಂಬ ಮಾತು ದೇಹದಲ್ಲಿಯೂ ನಿಜವಾಗಿತ್ತು. ಆದರೂ ದುಡಿಮೆ ನಿಲ್ಲಲಿಲ್ಲ. 1889ರ ಏಪ್ರಿಲ್ 15ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. 1936ರಲ್ಲಿ ಅವರ ದೇಹವನ್ನು ಬೆಲ್ಜಿಯಂಗೆ ಒಯ್ದರು. 1995ರಲ್ಲಿ ಬಲಗೈಯ ಅವಶೇಷವನ್ನು ಮಾತ್ರ ಮೊಲೊಕಾಯಿಯ ಹಳೆಯ ಸಮಾಧಿಗೆ ಮರಳಿಸಲಾಯಿತು. 2009ರಲ್ಲಿ ಪೋಪರು ಅವರನ್ನು ಸಂತರೆಂದು ಸಾರಿದರು.

ಇಷ್ಟು ಬಲ ಅವರಿಗೆ ಎಲ್ಲಿಂದ ಬಂತು? ದಿನದಿನದ ಬಲಿಪೂಜೆ ಹಾಗೂ ಪರಮಪ್ರಸಾದದ ಮುಂದಿನ ಪ್ರಾರ್ಥನೆಯೇ ಅದರ ಮೂಲವೆಂದು ಅವರು ನಂಬಿದ್ದರು. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ ಯೇಸುವನ್ನು ಅವರು ಬರಿದೆ ಪೂಜಿಸಲಿಲ್ಲ, ಹಿಂಬಾಲಿಸಿದರು. ನಾನು ಆ ಮತದವನಲ್ಲ. ಆದರೂ ಇಷ್ಟು ಅರ್ಥವಾಯಿತು: ಅವರು ‘ನಾನು’ ಎಂಬುದರೊಡನೆ ಹೋರಾಡುತ್ತ ಕೂರಲಿಲ್ಲ. ದೇವರ ಕೈಗೆ ಅದನ್ನು ಒಪ್ಪಿಸಿ, ಎದುರಿಗಿದ್ದ ಹುಣ್ಣಿನ ಕಡೆಗೆ ತಿರುಗಿದರು.

ಇನ್ನು ನನ್ನ ಮಾತು. ನಮ್ಮ ಓಣಿಯಲ್ಲಿ ಈ ರೋಗದಿಂದ ಬೆರಳು ಮುರುಟಿದ ಒಬ್ಬ ಅಜ್ಜ ಇದ್ದಾರೆ. ಸರ್ಕಾರಿ ಆಸ್ಪತ್ರೆಯ ಔಷಧದಿಂದ ಅವರು ಗುಣವಾಗಿ ಎಷ್ಟೋ ವರ್ಷಗಳಾದವು. ಅವರಿಂದ ಯಾರಿಗೂ ರೋಗ ಅಂಟದು. ನಾನು ಪಿ.ಯು.ಸಿ. ಪಾಸಾದ ದಿನ ಅವರು ಸಂತೋಷದಿಂದ ಒಂದು ತುಂಡು ಬೆಲ್ಲ ಕೊಟ್ಟರು. ಅವರು ಆಚೆ ತಿರುಗಿದ ಕೂಡಲೇ ನಾನು ಅದನ್ನು ಹಿತ್ತಲಿಗೆ ಎಸೆದೆ. ಓದಿದವನು ನಾನು!

ಕಳೆದ ರಜೆಯಲ್ಲಿ ಅವರ ಜಗಲಿಯ ಮೇಲೆ ಕುಳಿತು, ಅವರು ಕೊಟ್ಟ ಚಹಾ ಕುಡಿದೆ. ಕುಡಿಯುವಷ್ಟು ಹೊತ್ತೂ ನನ್ನ ಧೈರ್ಯವನ್ನು ನಾನೇ ಮೆಚ್ಚಿಕೊಳ್ಳುತ್ತಿದ್ದೆ. ಅಜ್ಜ ಮಾತ್ರ ನನ್ನ ಅವ್ವನ ಮೊಣಕಾಲು ನೋವು ಕಡಿಮೆಯಾಯಿತೇ ಎಂದು ಕೇಳುತ್ತಿದ್ದರು. ಆ ವಿಷಯ ನನಗೆ ತಿಳಿದೇ ಇರಲಿಲ್ಲ. ಮನೆಗೆ ಬಂದು ಅವ್ವನನ್ನು ಕೇಳಿದೆ.