ಇಂದಿನ ಧಮ್ಮ ಚಿಂತನೆ: ಜೇತವನದ ಬಾಗಿಲು ತೆರೆಸಿದ ಗೃಹಸ್ಥ



ಕೋಸಲದ ರಾಜಧಾನಿ ಶ್ರಾವಸ್ತಿಯಲ್ಲಿ ಸುದತ್ತನೆಂಬ ಶ್ರೀಮಂತ ವರ್ತಕನಿದ್ದ. ದಿಕ್ಕಿಲ್ಲದವರಿಗೆ ಅನ್ನವಿಕ್ಕುತ್ತಿದ್ದುದರಿಂದ ಜನ ಅವನನ್ನು ಅನಾಥಪಿಂಡಿಕ ಎಂದು ಕರೆದರು. ರಾಜಗೃಹದ ನೆಂಟರ ಮನೆಯಲ್ಲಿ ಬುದ್ಧರ ಹೆಸರು ಕೇಳಿದವನು ಬೆಳಗಾಗುವುದನ್ನೂ ಕಾಯದೆ ಕತ್ತಲಲ್ಲೇ ಸೀತವನಕ್ಕೆ ನಡೆದ. ಉಪಾಸಕನಾಗಿ, ಶ್ರಾವಸ್ತಿಗೆ ಬರಬೇಕೆಂದು ಅವರನ್ನು ಕೇಳಿಕೊಂಡ.

ಸಂಘ ಮಳೆಗಾಲ ಕಳೆಯಲು ಊರಿಗೆ ತೀರ ಹತ್ತಿರವೂ ದೂರವೂ ಅಲ್ಲದ, ಗದ್ದಲವಿಲ್ಲದ ಜಾಗ ಬೇಕಿತ್ತು. ರಾಜಕುಮಾರ ಜೇತನ ಸ್ವಂತ ಉದ್ಯಾನ ಅಂಥದ್ದು. ನೆಲದ ತುಂಬ ನಾಣ್ಯ ಹಾಸಿದರೂ ಕೊಡೆನೆಂದ ಜೇತ. ಸುದತ್ತ ಅದನ್ನೇ ಬೆಲೆಯೆಂದು ಹಿಡಿದ, ನ್ಯಾಯಾಧಿಕಾರಿಗಳೂ ಒಪ್ಪಿದರು. ಗಾಡಿಗಳಲ್ಲಿ ನಾಣ್ಯ ತಂದು ಹಾಸಿದರು. ಬಾಗಿಲ ಬಳಿ ಸ್ವಲ್ಪ ನೆಲ ಉಳಿದಾಗ, ಮನಸ್ಸು ಕರಗಿದ ಜೇತನೇ ಅದನ್ನು ದಾನವಿತ್ತ. ಭಾರ್ಹುತ್ ಸ್ತೂಪದ ಕಲ್ಲಿನಲ್ಲಿ ಈ ದೃಶ್ಯ ಕೆತ್ತಿದ್ದಾರೆ. ಆ ಕಲ್ಲು ಇಂದು ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿದೆ.

ಜೇತವನದಲ್ಲಿ ಬುದ್ಧರು 19 ಮಳೆಗಾಲ ಕಳೆದರೆಂದು ಪರಂಪರೆ ಹೇಳುತ್ತದೆ. ಅರಸುಮಗನೊಬ್ಬನದೇ ಆಗಿದ್ದ ಆ ತೋಟಕ್ಕೆ ಮಗುವನ್ನು ಕಳೆದುಕೊಂಡ ಕಿಸಾಗೋತಮಿ ಬಂದಳು, ಎಲ್ಲರನ್ನೂ ಕಳೆದುಕೊಂಡ ಪಟಾಚಾರಾ ಬಂದಳು, ಚಾಂಡಾಲ ಹುಡುಗಿ ಪ್ರಕೃತಿಯೂ ಬಂದಳು. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಅನಾಥಪಿಂಡಿಕನ ಕಥೆಯನ್ನೂ ಪ್ರಕೃತಿಯ ಕಥೆಯನ್ನೂ ಹೇಳಿದ್ದಾರೆ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಲು ಹೋರಾಡಬೇಕಾಗಿ ಬಂದ ನಮ್ಮವರಿಗೆ ತೆರೆದ ಬಾಗಿಲಿನ ಬೆಲೆ ಗೊತ್ತು.

ಮುಂದೆ ಸುದತ್ತ ಬಡವನಾದ. ಕೊಟ್ಟ ಸಾಲ ಹಿಂದಿರುಗಲಿಲ್ಲ; ದಡದಲ್ಲಿ ಹೂತಿಟ್ಟ ಹಣ ನದಿಯ ಪಾಲಾಯಿತು. ಆಗಲೂ ಗಂಜಿಯನ್ನಾದರೂ ಬಡಿಸುವುದನ್ನು ಬಿಡಲಿಲ್ಲ.

ಅವನು ಸಾವಿನ ಹಾಸಿಗೆಯಲ್ಲಿದ್ದಾಗ ಸಾರಿಪುತ್ತರೂ ಆನಂದರೂ ಬಂದರು. ಕಣ್ಣು, ಕಿವಿ, ಮನಸ್ಸು, ಇಹ, ಪರ ಯಾವುದಕ್ಕೂ ಅಂಟಿಕೊಳ್ಳದಿರುವುದನ್ನು ಸಾರಿಪುತ್ತರು ಬೋಧಿಸಿದರು. ಸುದತ್ತ ಅತ್ತುಬಿಟ್ಟ. ಸಾವಿನ ಭಯಕ್ಕಲ್ಲ. ಇಷ್ಟು ವರ್ಷ ಸಂಘದ ಸೇವೆ ಮಾಡಿದರೂ ಇಂಥ ಬೋಧನೆ ಅವನ ಕಿವಿಗೆ ಬಿದ್ದಿರಲಿಲ್ಲ. ಬಿಳಿಬಟ್ಟೆಯ ಗೃಹಸ್ಥರಿಗೆ ಇದನ್ನು ಹೇಳುವ ರೂಢಿಯಿಲ್ಲವೆಂದು ತಿಳಿದಾಗ, ಅವರಲ್ಲೂ ಅರಿಯಬಲ್ಲವರಿದ್ದಾರೆ, ಅವರಿಗೂ ಹೇಳಿರೆಂದು ಬೇಡಿಕೊಂಡ. ಆ ರಾತ್ರಿಗೆ ಮುಂಚೆಯೇ ತೀರಿಕೊಂಡ.

ಭೂಮಿ ಕೊಟ್ಟವನು ಕೊನೆಗೆ ಕೇಳಿದ್ದು ಅರಿವನ್ನು, ಅದೂ ಎಲ್ಲರಿಗಾಗಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದೀಕ್ಷೆ ಕೊಟ್ಟದ್ದೂ ಮನೆಮಕ್ಕಳಿದ್ದ ದುಡಿಯುವ ಜನರಿಗೇ. ವಿಹಾರಕ್ಕೆ ದಾನ ಕೊಟ್ಟು ಕೈಮುಗಿದು ಬಂದರೆ ನಮ್ಮ ಕೆಲಸ ಮುಗಿಯಿತೇ? ಇಂದು ರಾತ್ರಿ ಊಟದ ನಂತರ ಧಮ್ಮದ ಒಂದು ಪುಟವನ್ನು ಮನೆಮಂದಿಯೆಲ್ಲ ಕೂತು ಓದೋಣ. ಅರ್ಥವಾಗದ್ದನ್ನು ಭಾನುವಾರ ವಿಹಾರದಲ್ಲಿ ಸಂಕೋಚವಿಲ್ಲದೆ ಕೇಳೋಣ.

ಜೈ ಭೀಮ್, ನಮೋ ಬುದ್ಧಾಯ.