ನಾದಸ್ವರ ಚಕ್ರವರ್ತಿ ರಾಜರತ್ನಂ ಪಿಳ್ಳೈ

ಮದುವೆಯ ಗಟ್ಟಿಮೇಳವಿರಲಿ, ದೇವರ ಉತ್ಸವವಿರಲಿ, ಓಲಗವಿಲ್ಲದೆ ನಮಗೆ ಶುಭಕಾರ್ಯವೇ ಇಲ್ಲ. ಊರು ಬಿಟ್ಟು ಬಂದ ನಾವು ಬಹಳ ಸಲ ಧ್ವನಿಮುದ್ರಿಕೆ ಹಾಕಿಯೇ ತೃಪ್ತಿಪಡುತ್ತೇವೆ. ಈ ಮಂಗಳವಾದ್ಯಕ್ಕೆ ಕಚೇರಿಯ ಗೌರವ ತಂದುಕೊಟ್ಟವರಲ್ಲಿ ಅಗ್ರಗಣ್ಯರು ತಿರುವಾವಡುದುರೈ ಟಿ. ಎನ್. ರಾಜರತ್ನಂ ಪಿಳ್ಳೈ ಅವರು.

1898ರಲ್ಲಿ ತಂಜಾವೂರು ಸೀಮೆಯ ತಿರುಮರುಗಲ್‌ನಲ್ಲಿ ಜನಿಸಿದ ಅವರನ್ನು ಸಾಕಿ ಬೆಳೆಸಿದವರು ಸೋದರಮಾವ, ನಾದಸ್ವರ ವಿದ್ವಾನ್ ನಟೇಶ ಪಿಳ್ಳೈ. ಬಾಲಕ ಮೊದಲು ಕಲಿತದ್ದು ಹಾಡುಗಾರಿಕೆ. ಮುಂದೆ ನಾದಸ್ವರ ಹಿಡಿದಾಗಲೂ ವಾದ್ಯದಲ್ಲಿ ಹಾಡುವಂತೆಯೇ ನುಡಿಸಿದರು. ತಿರುವಾವಡುದುರೈ ಮಠದ ಆಸ್ಥಾನ ವಿದ್ವಾಂಸರಾದರು. ಅವರ ತೋಡಿ ರಾಗದ ಆಲಾಪನೆ ಮನೆಮಾತಾಯಿತು.

ಆ ನಾದದ ಗುಟ್ಟು ಉಸಿರಿನಲ್ಲಿ ಎಷ್ಟಿತ್ತೋ, ತುಟಿಗಳ ನಡುವಿನ ಸೀವಾಳಿಯಲ್ಲೂ ಅಷ್ಟೇ ಇತ್ತು. ಸೀವಾಳಿ ಎಂದರೆ ನಾದಸ್ವರದ ಪೀಪಿ. ಕಾವೇರಿ ತೀರದ ಜೊಂಡನ್ನು ಕೊಯ್ದು, ಒಣಗಿಸಿ, ಬೇಯಿಸಿ, ಚಪ್ಪಟೆ ಮಾಡಿ, ಲೋಹದ ಪುಟ್ಟ ಕೊಳವೆಗೆ ದಾರದಿಂದ ಬಿಗಿದು, ಅಂಚು ಕತ್ತರಿಸಿ ಹದಗೊಳಿಸುತ್ತಾರೆ. ಎಲ್ಲವೂ ಕೈಗೆಲಸ. ತಿರುವಾವಡುದುರೈ ಇದಕ್ಕೆ ಹೆಸರಾದ ಊರು. ಸೀವಾಳಿ ದಪ್ಪವಾದರೆ ಉಸಿರು ಸೋಲುತ್ತದೆ, ತೀರಾ ತೆಳುವಾದರೆ ಸ್ವರ ಕಿರುಚುತ್ತದೆ. ಆದ್ದರಿಂದಲೇ ವಾದ್ಯಕ್ಕೆ ಕಟ್ಟಿದ ದಾರದಲ್ಲಿ ಬದಲಿ ಸೀವಾಳಿಗಳೂ ಅವುಗಳ ಬಾಯಿ ಸರಿಪಡಿಸುವ ಕಡ್ಡಿಯೂ ತೂಗಾಡುತ್ತಿರುತ್ತವೆ.

ಹಿಂದೆ ಬಳಕೆಯಲ್ಲಿದ್ದ ‘ತಿಮಿರಿ’ ನಾದಸ್ವರ ಗಿಡ್ಡ, ಅದರ ಶ್ರುತಿ ಬಲು ಎತ್ತರ. ಶುದ್ಧ ಮಧ್ಯಮ ಅದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. ನರಸಿಂಗಂಪೇಟೆಯ ರಂಗನಾಥನ್ ಆಚಾರಿಯವರ ಕೈಯಲ್ಲಿ ಪಿಳ್ಳೈಯವರು ಉದ್ದನೆಯ ‘ಪಾರಿ’ ನಾದಸ್ವರವನ್ನು ರೂಪಿಸಿಕೊಂಡರು. ಉದ್ದ ಕೊಳವೆಗೆ ತಕ್ಕಂತೆ ಸೀವಾಳಿಯೂ ದೊಡ್ಡದಾಯಿತು, ನಾದ ಗಂಭೀರವಾಯಿತು. ನರಸಿಂಗಂಪೇಟೆಯ ನಾದಸ್ವರಕ್ಕೆ 2022ರಲ್ಲಿ ಜಿ.ಐ. ಮಾನ್ಯತೆಯೂ ದೊರೆಯಿತು.

ವಾದ್ಯವನ್ನು ತಿದ್ದಿದ್ದಷ್ಟೇ ಅಲ್ಲ, ಅದನ್ನು ನುಡಿಸುವವರ ಸ್ಥಾನವನ್ನೂ ಅವರು ತಿದ್ದಿದರು. ಮೆರವಣಿಗೆಯಲ್ಲಿ ನಡೆಯುತ್ತಾ, ಮದುವೆಮನೆಯಲ್ಲಿ ನಿಂತೇ ನುಡಿಸುತ್ತಿದ್ದ ಕಾಲದಲ್ಲಿ, ಗಾಯಕರಂತೆ ವೇದಿಕೆಯ ಮೇಲೆ ಕುಳಿತೇ ನುಡಿಸುವೆನೆಂದು ಪಟ್ಟುಹಿಡಿದರು. ಶ್ರುತಿಗೆ ಒತ್ತು ಬಿಟ್ಟು ತಂಬೂರಿ ಬಳಸಿದರು. ಅಹಂಕಾರಿ ಎಂದವರೂ ಇದ್ದರು. ಆದರೆ ಅವರು ಕೇಳಿದ ಮರ್ಯಾದೆಯ ಫಲ ಉಂಡವರು ಮುಂದಿನ ಪೀಳಿಗೆಯ ಕಲಾವಿದರೆಲ್ಲರೂ.

1956ರ ಡಿಸೆಂಬರ್‌ನಲ್ಲಿ ಪಿಳ್ಳೈಯವರು ತೀರಿಕೊಂಡರು.

ಮುಂದೆ ಎಲ್ಲಾದರೂ ನಾದಸ್ವರದವರನ್ನು ಕಂಡಾಗ, ಮಕ್ಕಳಿಗೆ ಆ ದಾರದ ಸೀವಾಳಿಗಳನ್ನು ತೋರಿಸೋಣ. ಚಕ್ರವರ್ತಿಯ ತೋಡಿಯೂ ಹೊಳೆದಂಡೆಯ ಒಂದು ಹುಲ್ಲುಕಡ್ಡಿಯನ್ನು, ಅದನ್ನು ಹದಮಾಡಿದ ಕೈಗಳನ್ನು ನಂಬಿಕೊಂಡಿತ್ತೆಂದು ಹೇಳೋಣ.