ಚಪ್ಪಟೆ ಭೂಮಿಯನ್ನು ಗುಂಡಗೆ ಮಾಡಿದ ಮೇಷ್ಟ್ರು

ಭೂಮಿ ಗುಂಡಗಿದೆ ಅಂತ ನಾವೆಲ್ಲಾ ಓದಿದ್ದೇವೆ. ಆದರೆ ಮೊದಲು ಚಪ್ಪಟೆ ಇದ್ದು ಆಮೇಲೆ ಗುಂಡಗಾದ ಒಂದು ಭೂಮಿ ಇದೆ. ಅದು ಇರುವುದು ಪುಸ್ತಕದಲ್ಲಿ. ಅದನ್ನು ಮಾಡಿದವರು ಇಂಗ್ಲೆಂಡಿನ ಜೆ.ಆರ್.ಆರ್. ಟೋಲ್ಕಿನ್ ಎಂಬ ಮೇಷ್ಟ್ರು.

ಇವರು 1892ನೇ ಇಸವಿ ಜನವರಿ 3ರಂದು ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಆರ್ಥರ್ ಬ್ಯಾಂಕಿನಲ್ಲಿದ್ದರು. ತಾಯಿ ಮೇಬಲ್. ಚಿಕ್ಕ ಮಗುವಾಗಿದ್ದಾಗ ತೋಟದಲ್ಲಿ ಇವರಿಗೆ ದೊಡ್ಡ ಜೇಡ ಕಚ್ಚಿತು. ದಾದಿ ವಿಷ ಹೀರಿ ತೆಗೆದಳು. ಇವರ ಕಥೆಗಳಲ್ಲಿ ಭಯಂಕರ ಜೇಡಗಳು ಬರುತ್ತವಲ್ಲ, ಅದಕ್ಕೆ ಇದೇ ಕಾರಣ ಅಂತ ನಾನು ಅಂದುಕೊಂಡಿದ್ದೆ. ಆದರೆ ಅವರಿಗೆ ಒಣಹುಲ್ಲಿನಲ್ಲಿ ಓಡಿದ್ದು ಮಾತ್ರ ನೆನಪಿತ್ತಂತೆ, ಜೇಡ ನೆನಪೇ ಇರಲಿಲ್ಲವಂತೆ.

1896ರಲ್ಲಿ ತಂದೆ ತೀರಿಕೊಂಡರು. ತಾಯಿ ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಇಂಗ್ಲೆಂಡಿನ ಸೇರ್‌ಹೋಲ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಲ್ಯಾಟಿನ್ ಭಾಷೆ, ಗಿಡಮರಗಳ ಪರಿಚಯ ಎಲ್ಲಾ ಅವರೇ ಹೇಳಿಕೊಟ್ಟರು. 1904ರಲ್ಲಿ ಆ ತಾಯಿಯೂ ಸಕ್ಕರೆ ಕಾಯಿಲೆಯಿಂದ ಹೋದರು. ಆ ಕಾಯಿಲೆಗೆ ಕೊಡುವ ಇನ್ಸುಲಿನ್ ಔಷಧಿ ಆಗಿನ್ನೂ ಬಂದಿರಲಿಲ್ಲ. ಆಗ ಇವರಿಗೆ 12 ವರ್ಷ. ನನಗಿಂತ ಒಂದು ವರ್ಷ ಚಿಕ್ಕವರು. ಆಮೇಲೆ ಒಬ್ಬ ಪಾದ್ರಿಗಳು ಅಣ್ಣತಮ್ಮಂದಿರನ್ನು ನೋಡಿಕೊಂಡರು.

ಇವರಿಗೆ ಹೊಸ ಭಾಷೆ ಕಟ್ಟುವ ಹುಚ್ಚು. ನಾವು ಪ್ರತಿ ಅಕ್ಷರಕ್ಕೂ 'ಕ' ಸೇರಿಸಿ ಮಾತಾಡ್ತೀವಲ್ಲ, ಹಾಗಲ್ಲ. ವ್ಯಾಕರಣ ಸಮೇತ ಕಟ್ಟುತ್ತಿದ್ದರು! ಭಾಷೆ ಆದ ಮೇಲೆ ಅದನ್ನು ಆಡುವ ಜನ ಬೇಕು, ಜನಕ್ಕೆ ಒಂದು ಲೋಕ ಬೇಕು.

1916ರಲ್ಲಿ ಈಡಿತ್ ಎಂಬುವರನ್ನು ಮದುವೆಯಾದರು. ಅದೇ ವರ್ಷ ಮೊದಲನೇ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಬೇಕಾಯಿತು. ಶಾಲೆಯಿಂದಲೂ ಜೊತೆಗಿದ್ದ ನಾಲ್ವರು ಪ್ರಾಣಸ್ನೇಹಿತರಲ್ಲಿ ಗಿಲ್ಸನ್, ಸ್ಮಿತ್ ಇಬ್ಬರೂ ಆ ವರ್ಷವೇ ಸತ್ತರು. ತಾನು ಹೇಳಬೇಕೆಂದಿದ್ದನ್ನು ತನ್ನ ಕಾಲದ ನಂತರ ಟೋಲ್ಕಿನ್ ಹೇಳಲಿ ಎಂದು ಸ್ಮಿತ್ ಮೊದಲೇ ಕಾಗದ ಬರೆದಿದ್ದರು. ಟೋಲ್ಕಿನ್‌ಗೆ ಹೇನಿನಿಂದ ಹರಡುವ ಜ್ವರ ಬಂದು ವಾಪಸ್ಸು ಕಳಿಸಿದರು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ತಮ್ಮ ಲೋಕದ ಕಥೆಗಳನ್ನು ಬರೆಯತೊಡಗಿದರು.

ಆ ಲೋಕ ಹುಟ್ಟಿದ್ದು ಹಾಡಿನಿಂದ. ಇಲೂವತಾರ್ ಎಂಬ ದೇವರು ಐನೂರ್ ಎಂಬ ದೇವತೆಗಳಿಗೆ ಹಾಡಲು ಹೇಳಿದ. ಮೆಲ್ಕೋರ್ ಎಂಬುವನು ಬೇಕಂತಲೇ ಅಪಸ್ವರ ತೆಗೆದ. ಲೋಕದಲ್ಲಿ ಕೆಟ್ಟದ್ದು ಬಂದಿದ್ದು ಅಲ್ಲಿಂದ. ಮೊದಲು ಸೂರ್ಯಚಂದ್ರ ಇರಲಿಲ್ಲ. ಎತ್ತರದ ಕಂಬಗಳ ಮೇಲೆ ಎರಡು ದೊಡ್ಡ ದೀಪಗಳಿದ್ದವು. ಮೆಲ್ಕೋರ್ ಅವನ್ನು ಕೆಡವಿದ. ಆಮೇಲೆ ಬೆಳ್ಳಿಯದೊಂದು, ಚಿನ್ನದ್ದೊಂದು ಎರಡು ಮರಗಳು ಸರದಿಯ ಮೇಲೆ ಬೆಳಕು ಕೊಟ್ಟವು. ಒಂದು ರಾಕ್ಷಸ ಜೇಡ ಅವುಗಳ ರಸವನ್ನೆಲ್ಲಾ ಕುಡಿದುಬಿಟ್ಟಿತು! ಸಾಯುವ ಮುಂಚೆ ಬೆಳ್ಳಿ ಮರ ಬಿಟ್ಟ ಕೊನೇ ಹೂವು ಚಂದ್ರನಾಯಿತು, ಚಿನ್ನದ ಮರದ ಕೊನೇ ಹಣ್ಣು ಸೂರ್ಯನಾಯಿತು. ಭೂಮಿ ಆಗ ಚಪ್ಪಟೆ, ಸುತ್ತ ಸಮುದ್ರ, ಪಶ್ಚಿಮಕ್ಕೆ ದೇವತೆಗಳ ನಾಡು. ನೂಮೆನೋರ್ ದ್ವೀಪದ ರಾಜ ಸಾವಿಲ್ಲದ ಬದುಕು ಬೇಕೆಂದು ಅಲ್ಲಿಗೆ ದಂಡೆತ್ತಿ ಹೋದ. ದ್ವೀಪ ಮುಳುಗಿತು, ಭೂಮಿ ಗುಂಡಗಾಯಿತು. ಆಮೇಲೆ ಪಶ್ಚಿಮಕ್ಕೆ ಎಷ್ಟು ಹೋದರೂ ಸುತ್ತಿ ಅಲ್ಲಿಗೇ ಬರುವುದು. ದೇವತೆಗಳ ನಾಡಿನ ನೇರ ದಾರಿ ಎಲ್ಫ್ ಜನರ ಹಡಗಿಗೆ ಮಾತ್ರ.

1925ರಲ್ಲಿ ಇವರು ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದರು. ಮಕ್ಕಳಿಗೆ ಹೇಳಿದ 'ಹಾಬಿಟ್' ಕಥೆ 1937ರಲ್ಲಿ ಅಚ್ಚಾಯಿತು. ಅದನ್ನು ಓದಿ ಅಭಿಪ್ರಾಯ ಬರೆದುಕೊಟ್ಟವನು ಪ್ರಕಾಶಕರ ಮಗ, 10 ವರ್ಷದ ಹುಡುಗ. ಕೂಲಿ ಒಂದು ಶಿಲಿಂಗ್. (ನಮಗೂ ಯಾರಾದರೂ ಕೊಡಬಾರದಾ?) ದೊಡ್ಡ ಪುಸ್ತಕ 'ಲಾರ್ಡ್ ಆಫ್ ದಿ ರಿಂಗ್ಸ್' 1954-55ರಲ್ಲಿ ಮೂರು ಭಾಗವಾಗಿ ಬಂತು.

ವಯಸ್ಸಾದ ಮೇಲೆ ಇವರಿಗೆ ಒಂದು ಚಿಂತೆ ಹತ್ತಿತು. ಭೂಮಿ ಯಾವಾಗಲೂ ಗುಂಡಗೇ ಇತ್ತು, ಸೂರ್ಯ ಬಹಳ ಹಳೆಯವನು ಅಂತ ಎಲ್ಲರಿಗೂ ಗೊತ್ತು. ತಮ್ಮ ಕಥೆ ವಿಜ್ಞಾನಕ್ಕೆ ಒಪ್ಪುವುದಿಲ್ಲವಲ್ಲ! ಎಲ್ಲವನ್ನೂ ತಿದ್ದಲು ಕುಳಿತರು. ಆದರೆ ಒಂದನ್ನು ತಿದ್ದಿದರೆ ಇನ್ನೊಂದು ಬೀಳುತ್ತಿತ್ತು. ಸೂರ್ಯ ಮೊದಲೇ ಇದ್ದರೆ ಮರಗಳು ಯಾಕೆ ಬೇಕು? ಕೆಲಸ ಮುಗಿಯಲೇ ಇಲ್ಲ. ನನ್ನನ್ನು ಕೇಳಿದರೆ ಅವರು ತಿದ್ದಲು ಹೋಗಲೇಬಾರದಿತ್ತು. ವಿಜ್ಞಾನದ ಪರೀಕ್ಷೆಯಲ್ಲಿ ಗುಂಡಗೆ ಅಂತಲೇ ಬರೆಯೋಣ, ಕಥೆಯಲ್ಲಿ ಚಪ್ಪಟೆ ಇದ್ದರೆ ಯಾರಿಗೇನು ನಷ್ಟ?

1971ರಲ್ಲಿ ಈಡಿತ್ ತೀರಿಕೊಂಡರು. ಯುದ್ಧದ ಕಾಲದಲ್ಲಿ ಒಮ್ಮೆ ಅವರು ಕಾಡಿನಲ್ಲಿ ಕುಣಿದದ್ದನ್ನು ನೋಡಿಯೇ ಟೋಲ್ಕಿನ್ ಲೂಥಿಯೆನ್ ಎಂಬ ಎಲ್ಫ್ ರಾಜಕುಮಾರಿಯ ಕಥೆ ಕಟ್ಟಿದ್ದರು. ಸಮಾಧಿ ಕಲ್ಲಿನ ಮೇಲೆ ಆ ಹೆಸರನ್ನೇ ಕೆತ್ತಿಸಿದರು. 1973 ಸೆಪ್ಟೆಂಬರ್ 2ರಂದು ತಾವೂ ತೀರಿಕೊಂಡರು. ಅದೇ ಕಲ್ಲಿನಲ್ಲಿ ಅವರ ಹೆಸರಿನ ಕೆಳಗೆ ಬೆರೆನ್ ಎಂದಿದೆ. ಕಥೆಯಲ್ಲಿ ಅವನು ಲೂಥಿಯೆನ್‌ಳ ಗಂಡ.

ಕಂತೆ ಕಂತೆ ಕಾಗದಗಳನ್ನು ಮಗ ಕ್ರಿಸ್ಟೋಫರ್ ಜೋಡಿಸಿ 1977ರಲ್ಲಿ 'ಸಿಲ್ಮರಿಲಿಯನ್' ಎಂಬ ಪುಸ್ತಕ ಮಾಡಿದರು. ಅದರಲ್ಲಿ ಚಂದ್ರ ಹೂವೇ, ಸೂರ್ಯ ಹಣ್ಣೇ.